ಅವ್ವನಿಗೆ ಹೇಳಿದ ಅರ್ಥ

ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸುಂದರಬಾಯಿ ಖಾನಾವಳಿ ಶುರು ಮಾಡಿದಾಗ ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಗಂಡ ಕಾಮಾಲೆಯಾಗಿ ತೀರಿಕೊಂಡಿದ್ದ. ಕಂಕುಳಲ್ಲಿ ಮಧುಮತಿ ಎಂಬ ಕೂಸು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಟ್ಟರೆ ಬೇರೆ ಬಂಡವಾಳ ಅವಳಲ್ಲಿರಲಿಲ್ಲ. ಗೊಬ್ಬೂರಿನ ಜಗದೇವಪ್ಪ ತೊಗರಿ ವ್ಯಾಪಾರಕ್ಕೆ ಜೇವರ್ಗಿಗೆ ಬಂದಾಗೆಲ್ಲ ಅಲ್ಲೇ ಉಣ್ಣುತ್ತಿದ್ದ. ಹೊಲಮನೆ ಇದ್ದ ಮನುಷ್ಯ. ಹೆಂಡತಿ ಸತ್ತು ಕೆಲವು ವರ್ಷವಾಗಿತ್ತು, ಸುನೀಲಕುಮಾರ ಎಂಬ ಮಗ ಶಾಲೆಗೆ ಹೋಗುತ್ತಿದ್ದ.

ಉಣ್ಣಲು ಬರುತ್ತಿದ್ದವನು ಉಂಡಾದ ಮೇಲೂ ಕಟ್ಟೆಯ ಮೇಲೆ ಕೂಡುವುದು ರೂಢಿಯಾಯಿತು. ಓಣಿಯವರು ಮಾತಾಡತೊಡಗಿದರು. ಆಗ ಜಗದೇವಪ್ಪ ಒಂದು ಶ್ರಾವಣ ಸೋಮವಾರ ಸುಂದರಬಾಯಿಯನ್ನು ಜಿಡಗಾ ಮಠಕ್ಕೆ ಕರೆದುಕೊಂಡು ಹೋಗಿ, ಗದ್ದಿಗೆಯ ಮುಂದೆ ನಿಂತು ತಾಳಿ ಕಟ್ಟಿದ. ಜೊತೆಗಿದ್ದವರು ಇಬ್ಬರೇ. ಒಬ್ಬ ಅವನ ತೊಗರಿ ಮಾರಿಕೊಡುತ್ತಿದ್ದ ಅಡತಿ ಅಂಗಡಿಯ ಗೆಳೆಯ, ಇನ್ನೊಬ್ಬಳು ಸುಂದರಬಾಯಿಯ ಪಕ್ಕದ ಮನೆಯ ಜೈತುನಬಿ. ಒಂದು ಫೋಟೋ ಆದರೂ ತೆಗೆಸೋಣ ಅಂದಿದ್ದಳು ಜೈತುನಬಿ.

"ದೇವರು ನೋಡ್ಯಾನಲ್ಲ, ಫೋಟೋ ಯಾಕ ಬೇಕು?" ಅಂದಿದ್ದ ಜಗದೇವಪ್ಪ.

ಅವನು ಕೆಟ್ಟವನಲ್ಲ, ಅಂಜುಬುರುಕ. ಸುಂದರಬಾಯಿಯ ಜಾತಿ ಬೇರೆ, ಮೇಲೆ ವಿಧವೆ. ಗೊಬ್ಬೂರಿಗೆ ಕರೆದುಕೊಂಡು ಹೋಗುವ ಮಾತು ಬಂದಾಗೆಲ್ಲ, "ಹುಡುಗ ದೊಡ್ಡವನಾಗಲಿ, ತಿಳಿಸಿ ಹೇಳ್ತೇನಿ" ಅನ್ನುತ್ತಿದ್ದ. ಹುಡುಗ ದೊಡ್ಡವನಾದ ಮೇಲೆ "ಅವನ ಲಗ್ನ ಒಂದು ಆಗಿಬಿಡಲಿ" ಅಂದ. ಲಗ್ನವಾದ ಮೇಲೆ "ಮೊಮ್ಮಗನ ಮುಖ ನೋಡಿ ಹೇಳಿಬಿಡ್ತೇನಿ" ಅಂದ. ಹಾಗನ್ನುತ್ತಲೇ ಅವನ ತಲೆ ಪೂರ್ತಿ ಬೆಳ್ಳಗಾಯಿತು. ತಾಳಿ ಕಟ್ಟಿದ ಹೊಸದರಲ್ಲೇ ಜೇವರ್ಗಿಯಲ್ಲಿ ಎರಡು ಕೋಣೆಯ ಮನೆ ಕೊಂಡು, ಖಾನಾವಳಿ ಬಿಡಿಸಿ ಅವಳನ್ನು ಅಲ್ಲಿಟ್ಟ. ವಾರದಲ್ಲಿ ಮೂರ್ನಾಲ್ಕು ದಿನ ಅಲ್ಲೇ ಇರುತ್ತಿದ್ದ. ಅವಳಿಗೆ ಟೈಫಾಯ್ಡ್ ಆದಾಗ ಕಲಬುರಗಿಯ ದವಾಖಾನೆಯಲ್ಲಿ ಹಾಸಿಗೆಯ ಬುಡದಲ್ಲೇ ಮಲಗಿದ್ದ. ಮಧುಮತಿ ಅವನನ್ನು ಕಾಕಾ ಎಂದು ಕರೆಯುತ್ತಿದ್ದಳು. ಅಪ್ಪಾ ಅನ್ನಲು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಿ.ಎ., ಬಿ.ಎಡ್. ಓದಿಸಿದವನು ಅವನೇ. ಅವಳಿಗೆ ಆಳಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಾಗ ಇಡೀ ಓಣಿಗೆ ಪೇಢೆ ಹಂಚಿದ್ದ. ಅವಳನ್ನು ನೋಡಲು ಬಂದ ಗಂಡಿನವರು ಮಾತ್ರ ತಾಯಿಯ ಸುದ್ದಿ ತಿಳಿದ ಮೇಲೆ ಮತ್ತೆ ಬರುತ್ತಿರಲಿಲ್ಲ. ಕೊನೆಕೊನೆಗೆ ಅವಳೇ ಬೇಡ ಅಂದುಬಿಟ್ಟಳು.

ಜಗದೇವಪ್ಪ ಗೊಬ್ಬೂರಿನಲ್ಲಿದ್ದಾಗ ಎದೆನೋವು ಬಂದು ಹೋಗಿಬಿಟ್ಟ. ಸುದ್ದಿ ತಿಳಿದು ಸುಂದರಬಾಯಿ ಜೈತುನಬಿಯ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಮನೆಯ ಬಾಗಿಲಲ್ಲೇ ಸುನೀಲಕುಮಾರ ತಡೆದ.

"ಇಲ್ಲಿ ತಮಾಷಾ ಮಾಡಬ್ಯಾಡ್ರಿ. ಮಂದಿ ನೋಡಾಕತ್ತಾರ. ಹೋಗ್ರಿ."

"ಒಂದ್ಸಲ ಮುಖ ನೋಡಿ ಹೋಗ್ತೇನಪ್ಪ."

"ಯಾರ ಮುಖ? ನೀವು ಯಾರು ನಮಗ?"

ಬಿದಿರು, ಹೂವಿನಿಂದ ಕಟ್ಟಿದ ವಿಮಾನದಲ್ಲಿ ಕೂಡಿಸಿದ್ದ ಹೆಣ ಓಣಿ ದಾಟಿ ಹೊಲದ ಕಡೆ ಹೋಗುವುದನ್ನು ಅವಳು ಊರ ಬಾವಿಯ ಹತ್ತಿರ ನಿಂತು ನೋಡಿದಳು. ವಿಭೂತಿ ಬಳಿದ ಮುಖ ಅತ್ತ ಕಡೆ ಇತ್ತು. ಇವಳಿಗೆ ಕಂಡದ್ದು ಹೂವಿನ ಹಾರದ ಬೆನ್ನು ಮಾತ್ರ.

ವರ್ಷ ಕಳೆಯುವುದರೊಳಗೆ ಸುನೀಲಕುಮಾರ ಜೇವರ್ಗಿಯಲ್ಲಿ ಕೇಸು ಹಾಕಿದ. ಮನೆ ತನ್ನ ತಂದೆಯದು, ಅದರಲ್ಲಿರುವ ಹೆಂಗಸು ತಂದೆಗೆ ಏನೂ ಆಗಬೇಕಿಲ್ಲ, ಖಾಲಿ ಮಾಡಿಸಿ ಕೊಡಬೇಕು ಅಂತ. ಸುಂದರಬಾಯಿ ಮನೆಗಾಗಿ ಅಳಲಿಲ್ಲ. "ಏನೂ ಆಗಬೇಕಿಲ್ಲ ಅಂತ ಬರಸ್ಯಾನಲ್ಲ ಬೇ" ಎಂದು ಅದೊಂದನ್ನೇ ಎಷ್ಟೋ ದಿನ ಹೇಳಿಕೊಂಡು ತಿರುಗಿದಳು. ಮಧುಮತಿ ಸುಲಭಾ ಎಂಬ ವಕೀಲೆಯನ್ನು ಹಿಡಿದಳು. ಕೇಸಿನ ಎಲ್ಲ ವಿಷಯ ಕೇಳಿದ ಸುಲಭಾ ಧೈರ್ಯ ಹೇಳಿದರು. ಜಗದೇವಪ್ಪನ ಮೊದಲ ಹೆಂಡತಿ ಆಗಲೇ ಸತ್ತಿದ್ದಳು, ಅಡತಿ ಗೆಳೆಯ ಈಗಿಲ್ಲದಿದ್ದರೂ ತಾಳಿ ಕಟ್ಟಿದ್ದನ್ನು ಕಣ್ಣಾರೆ ಕಂಡ ಜೈತುನಬಿ ಬದುಕಿದ್ದಾಳೆ. ಗೆಲ್ಲದ ಕೇಸೇನಲ್ಲ ಅಂದರು.

ಮೊದಮೊದಲ ಒಂದು ತಾರೀಖಿಗೆ ತಾಯಿ ಮಗಳಿಬ್ಬರೂ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸುನೀಲಕುಮಾರನ ವಕೀಲ ಕಲ್ಯಾಣಕುಮಾರ ನ್ಯಾಯಾಧೀಶರ ಮುಂದೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ನಡುನಡುವೆ ಸುಂದರಬಾಯಿಯ ಕಡೆ ಕೈ ತೋರಿಸುತ್ತಿದ್ದ. "ಶೀ ವಾಸ್ ಹಿಸ್ ಕೀಪ್" ಅಂದ. ಸ್ವಲ್ಪ ಹೊತ್ತಿಗೆ ಮತ್ತೆ "ಓನ್ಲಿ ಎ ಕೀಪ್" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಗೆಯಿರಲಿಲ್ಲ. ತೊಗರಿಯ ಧಾರಣೆ ಹೇಳಿದ ಹಾಗೆ ಹೇಳಿದ. ಮಧುಮತಿ ಕಾಲ ಬುಡದ ಫರಸಿ ಕಲ್ಲನ್ನೇ ನೋಡುತ್ತ ಕೂತಳು.

ಮನೆಗೆ ಬಂದು ಚಹಾಕ್ಕೆ ಇಡುವಾಗ ಸುಂದರಬಾಯಿ ಕೇಳಿದಳು.

"ಆ ವಕೀಲ ನನ್ನ ಕಡೆ ಕೈ ಮಾಡಿ ಕೀಪ್ ಕೀಪ್ ಅಂತಿದ್ದನಲ್ಲ ಮಧೂ, ಹಂಗಂದ್ರೇನು?"

ಮಧುಮತಿಗೆ ಆ ಪದ ಹೊಸದಲ್ಲ. ಹಿಂದಿನ ವಾರವಷ್ಟೇ ಒಂಬತ್ತನೆಯ ಕ್ಲಾಸಿನಲ್ಲಿ ಅದೇ ಕ್ರಿಯಾಪದದ ಮೇಲೆ ಇಡೀ ಪಿರಿಯಡ್ ಕಳೆದಿದ್ದಳು. ಕೀಪ್ ಕ್ವಾಯೆಟ್ ಅಂದರೆ ಸುಮ್ಮನಿರು. ಕೀಪ್ ಯುವರ್ ವರ್ಡ್ ಅಂದರೆ ಕೊಟ್ಟ ಮಾತು ಉಳಿಸಿಕೊ. ಕೀಪ್ ಗೋಯಿಂಗ್ ಅಂದರೆ ನಡೀತಾ ಇರು. ನಮ್ಮ ಮನಿಯಾಗ ಎರಡು ಎಮ್ಮಿ ಸಾಕೇವಿ ಅನ್ನಲಿಕ್ಕೂ ಅದೇ, ಹಾಲು ಕೆಡದೆ ಉಳೀತು ಅನ್ನಲಿಕ್ಕೂ ಅದೇ, ನನ್ನ ಚೀಲ ಸ್ವಲ್ಪ ಇಟ್ಟುಕೊಂಡಿರು ಅನ್ನಲಿಕ್ಕೂ ಅದೇ. ಇಷ್ಟು ಸಣ್ಣ ಪದಕ್ಕೆ ಇಷ್ಟು ಕೆಲಸಾನಾ ಅಂತ ಹುಡುಗರು ಬೆರಗಾಗಿದ್ದರು. ಕಲ್ಯಾಣಕುಮಾರ ಹೇಳಿದ ಅರ್ಥ ಪಾಠದಲ್ಲಿ ಇರಲಿಲ್ಲ, ಇದ್ದರೂ ಅವಳು ಕಲಿಸುತ್ತಿರಲಿಲ್ಲ. ಆ ಅರ್ಥಕ್ಕೆ ಇಲ್ಲಿನ ಮಾತುಗಳು ಬೇಕಾದಷ್ಟಿದ್ದವು. ಇಟ್ಕೊಂಡಾಕಿ. ರಖೇಲ. ಇವನ್ನೆಲ್ಲ ಅವ್ವ ನಲ್ಲಿಯ ಹತ್ತಿರ, ಕಿರಾಣಿ ಅಂಗಡಿಯ ಮುಂದೆ, ಬೆನ್ನ ಹಿಂದೆ ಕೇಳಿಸಿಕೊಂಡೇ ಬಾಳಿದ್ದಳು. ಕೋರ್ಟಿನಲ್ಲೂ ಅದನ್ನೇ ಅಂದರು ಅಂತ ಹೇಗೆ ಹೇಳುವುದು?

"ಕೀಪ್ ಅಂದ್ರ…" ಅಂದಳು ಮಧುಮತಿ. "ಜೋಪಾನ ಮಾಡೋದು ಯವ್ವಾ. ಕೈಬಿಡದಂಗ ಕಾಪಾಡಿಕೊಳ್ಳೋದು."

ಸುಂದರಬಾಯಿ ಸಕ್ಕರೆ ಡಬ್ಬಿ ಹಿಡಿದುಕೊಂಡೇ ತಿರುಗಿದಳು.

"ಅಂದ್ರ ಅವರು ನನ್ನ ಜೋಪಾನ ಮಾಡಿದ್ರು ಅಂತ ಅವನೇ ಒಪ್ಪಾಕತ್ತಾನೇನು?"

"ಹೂಂ."

"ನೋಡು ಮತ್ತ. ಎದುರಿನವನಾದ್ರೂ ಖರೇ ಮಾತು ಆಡ್ಯಾನ. ಎಂಥಾ ಜೋಪಾನ ಮಾಡಿದ್ರು ಮಧೂ ಅವರು, ನನಗ ಜ್ವರ ಬಂದಾಗ ನೀ ಸಣ್ಣಾಕಿ, ನಿನಗ ನೆಪ್ಪಿಲ್ಲ…"

ಬಹಳ ದಿನದ ಮೇಲೆ ಅವಳ ಮುಖ ಅರಳಿತ್ತು. ಸಂಜೆ ಜೈತುನಬಿ ಬಂದಾಗ ಅವಳಿಗೂ ಹೇಳಿದಳು. "ಚಲೋ ಮಾತು ಅಂದಾನ ಬಿಡು ಯಕ್ಕಾ" ಎಂದು ಜೈತುನಬಿಯೂ ಖುಷಿಪಟ್ಟಳು. ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ಮಧುಮತಿ, ಇರಲಿ, ಮುಂದೆಂದಾದರೂ ಹೇಳಿದರಾಯಿತು ಅಂದುಕೊಂಡಳು. ಆಮೇಲೆ ವಾರಕ್ಕೊಮ್ಮೆ ಆಳಂದದಿಂದ ಕಲಬುರಗಿ ಮೇಲೆ ಹಾಯ್ದು ಜೇವರ್ಗಿಗೆ ಬಂದಾಗೆಲ್ಲ ಅವ್ವ ಒಂದು ತುತ್ತು ಹೆಚ್ಚಿಗೆ ಉಣ್ಣುವುದನ್ನು ನೋಡಿ ಹೇಳುವುದನ್ನು ಮುಂದಿನ ವಾರಕ್ಕೆ ಹಾಕುತ್ತಿದ್ದಳು.

ಕೇಸು ಎಳೆದುಕೊಂಡು ಹೋಯಿತು. ಜೈತುನಬಿಯ ಸಾಕ್ಷಿ ಚಲೋ ಆಯಿತು. "ಈ ಕಣ್ಣಿಲೆ ನೋಡೇನ್ರಿ ಸಾಹೇಬ್ರ, ತಾಳಿ ಕಟ್ಟುವಾಗ ಸಾವಕಾರ್ರ ಕೈ ನಡುಗಾಕತ್ತಿತ್ತು" ಅಂದಳು. ಕಲ್ಯಾಣಕುಮಾರ ಎಷ್ಟು ಅಲುಗಾಡಿಸಿದರೂ ಅಲುಗಲಿಲ್ಲ. ಮುಂದಿನದು ಸುಂದರಬಾಯಿಯ ಸರದಿ. ಸುಲಭಾ ಹಿಂದಿನ ದಿನ ಮನೆಗೇ ಬಂದು ತಿಳಿಸಿ ಹೇಳಿದರು.

"ಅವರು ನಿಮ್ಮ ಬಾಯಿಂದ ಏನಾರ ಹೊರಡಸಾಕ ನೋಡ್ತಾರ ಸುಂದರಬಾಯಿ. ನೀವು ಹೆಂಡ್ತಿ ಅಲ್ಲ ಅಂದ್ರ, ತಾಳಿ ಕಟ್ಟಿಲ್ಲ ಅಂದ್ರ, ಸುಳ್ಳು ಅನ್ರಿ. ಅಷ್ಟೇ."

"ಅಷ್ಟು ತಿಳೀತದ್ರಿ ಬಾಯೀ."

ಮಧುಮತಿ ಕೂಡ ಸಾಕ್ಷಿದಾರಳಾದ್ದರಿಂದ ಮರುದಿನ ಅವಳನ್ನು ಒಳಗೆ ಬಿಡಲಿಲ್ಲ. ಹೊರಗಿನ ವರಾಂಡದಲ್ಲಿ, ತೆರೆದ ಕಿಟಕಿಯ ಪಕ್ಕ ನಿಂತಳು. ಅವ್ವನ ಬೆನ್ನು, ತಲೆಯ ಮೇಲಿನ ಸೆರಗು ಕಾಣುತ್ತಿತ್ತು. ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

ಕಲ್ಯಾಣಕುಮಾರ ಬಹಳ ಮರ್ಯಾದೆಯಿಂದ ಮಾತಾಡಿಸಿದ. ಅಮ್ಮಾ, ಅಮ್ಮಾ ಅನ್ನುತ್ತಿದ್ದ. ನಿಮಗೆ ತಾಳಿ ಕಟ್ಟಿಲ್ಲ ಅಂದ. ಸುಳ್ಳು ಅಂದಳು. ಜಿಡಗಾಕ್ಕೆ ಹೋಗಿದ್ದೇ ಕಟ್ಟುಕಥೆ ಅಂದ. ಸುಳ್ಳು ಅಂದಳು. ಗೊಬ್ಬೂರಿನ ಮನೆಗೆ ಒಂದು ದಿನವಾದರೂ ಹೋಗಿ ಇದ್ದಿರೇನು ಅಂದ. ಇಲ್ಲ ಅಂದಳು. ದನಿ ಸಣ್ಣಗಾಯಿತು. ಕಲ್ಯಾಣಕುಮಾರ ಕಾಗದಗಳನ್ನು ಮಡಿಸಿದ. ಮುಗಿಯಿತು ಅನ್ನುವ ಹಾಗೆ ಕೊನೆಗೆ ಕೇಳಿದ.

"ನೀವು ಜಗದೇವಪ್ಪ ಅವರ ಕೀಪ್ ಆಗಿದ್ರಿ. ಹೌದೋ ಅಲ್ಲೋ ಅಮ್ಮಾ?"

ಮಧುಮತಿ ಕಿಟಕಿಯ ಸರಳು ಹಿಡಿದಳು. ಸುಳ್ಳು ಅನ್ನು ಯವ್ವಾ, ಸುಳ್ಳು ಅನ್ನು.

"ಹೌದ್ರಿ" ಅಂದಳು ಸುಂದರಬಾಯಿ. ಅಷ್ಟು ಗಟ್ಟಿಯಾಗಿ ಆ ದಿನ ಅವಳು ಏನನ್ನೂ ಹೇಳಿರಲಿಲ್ಲ. "ಸಾಯೂತನಾ ಅವರ ಕೀಪ್ ಇದ್ದೆ ನಾನು. ಅದನ್ನ ಯಾರೂ ಅಲ್ಲ ಅನ್ನಾಕಾಗಂಗಿಲ್ಲ."

ಒಳಗೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳಿದರು.

"ಅರ್ಥ ತಿಳಿದೇ ಹೇಳಾಕತ್ತೀರೇನಮ್ಮ?"

"ತಿಳಿದದ್ರಿ ಸಾಹೇಬ್ರ. ನನ್ನ ಮಗಳು ಆಳಂದದಾಗ ಇಂಗ್ಲಿಷ್ ಟೀಚರ್ ಇದ್ದಾಳ. ಆಕಿನೇ ಹೇಳ್ಯಾಳ."

ಮಧುಮತಿ ಬಾಗಿಲ ಕಡೆ ಓಡಿದಳು. ಬಾಗಿಲ ಹತ್ತಿರ ನಿಂತಿದ್ದ ಜವಾನ ಕೈ ಅಡ್ಡ ಹಿಡಿದ. "ಅಕ್ಕೋರ, ಈಗ ಹೋಗಂಗಿಲ್ರಿ." ಒಳಗೆ ನ್ಯಾಯಾಧೀಶರು ಹೇಳಿದ್ದನ್ನು ಟೈಪಿಸ್ಟ್ ಕುಟ್ಟುತ್ತಿದ್ದ ಸದ್ದು ಕೇಳಿತು.

ಹೊರಗೆ ಬಂದ ಸುಲಭಾರ ಮುಖ ಬಿಳಿಚಿಕೊಂಡಿತ್ತು.

"ಹಂಗ್ಯಾಕಂದ್ರಿ ಸುಂದರಬಾಯಿ? ನಾ ನಿನ್ನೆ ಅಷ್ಟು ಹೇಳಿದ್ದೆ!"

"ಖರೇ ಇದ್ದದ್ದೇ ಅಂದೇನ್ರಿ. ಅವರು ನನ್ನ ಜೋಪಾನ ಮಾಡಿಲ್ಲೇನು?"

"ಏನು ಜೋಪಾನ? ಕೀಪ್ ಅಂದ್ರ ಇಟ್ಕೊಂಡಾಕಿ ಅಂತ. ಲಗ್ನ ಆಗದೆ ಇಟ್ಕೊಂಡಾಕಿ. ಅದನ್ನ ನಿಮ್ಮ ಬಾಯಿಲೆ ಒಪ್ಪಿ ಬಂದ್ರಲ್ಲ!"

ಸುಂದರಬಾಯಿ ಮೊದಲು ಸುಲಭಾರ ಬಾಯಿಯನ್ನೇ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡು ಮಧುಮತಿ ಕಾದಳು. ಅವ್ವ ಸೆರಗನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡು ಮೆಟ್ಟಿಲಿಳಿದಳು. ಕೋರ್ಟಿನ ಗೇಟಿನವರೆಗೂ ಮುಂದೆ ಮುಂದೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ.

ರಾತ್ರಿ ಮಧುಮತಿ ಅವಳ ಕಾಲ ಹತ್ತಿರ ಕೂತು ಅತ್ತಳು. "ನಿನಗ ನೋವಾಗಬಾರದಂತ ಹಂಗ ಹೇಳಿದೆ ಯವ್ವಾ. ಆ ಅರ್ಥಾನೂ ಅದ ಅದಕ್ಕ, ನಾ ಹೇಳಿದ್ದು ಪೂರಾ ಸುಳ್ಳಲ್ಲ."

"ಇರಲಿ, ಮಲಕ್ಕೊ" ಅಂದಳು ಸುಂದರಬಾಯಿ.

ಉಳಿದಿದ್ದು ಒಂದೇ ದಾರಿ ಅಂದರು ಸುಲಭಾ. ಮಧುಮತಿ ಸಾಕ್ಷಿ ಹೇಳುವಾಗ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ತಾನು ತಪ್ಪು ಅರ್ಥ ಹೇಳಿಕೊಟ್ಟೆ, ತಾಯಿ ಅದನ್ನೇ ನಂಬಿ ಒಪ್ಪಿಕೊಂಡಳು ಅಂತ. ಮಧುಮತಿ ಹೇಳಿದಳು. ಕಟಕಟೆಯಲ್ಲಿ ನಿಂತು, ಒಂದೂ ಬಿಡದೆ ಎಲ್ಲ ಹೇಳಿದಳು. ಹೇಳಿ ಮುಗಿಸಿದಾಗ ಮೈ ಹಗುರಾದಂತೆ ಅನ್ನಿಸಿತು.

ಕಲ್ಯಾಣಕುಮಾರ ಎದ್ದು ನಿಂತ.

"ಟೀಚರ್, ಇಂಗ್ಲಿಷ್ ಕಲಸಾಕತ್ತಿ ಎಷ್ಟು ವರ್ಷ ಆತ್ರಿ?"

"ಹದಿನಾರು."

"ಕೀಪ್ ಅನ್ನೋ ಪದದ ಅರ್ಥ ಗೊತ್ತಿರಲಿಲ್ಲೇನು ನಿಮಗ?"

"ಗೊತ್ತಿತ್ತು. ಅದಕ್ಕ ಭಾಳ ಅರ್ಥ ಅವ."

"ಅವು ಇರಲಿ. ಅವತ್ತು ನಾನು ಯಾವ ಅರ್ಥದಾಗ ಅಂದಿದ್ದೆ ಅನ್ನೋದು ಗೊತ್ತಿತ್ತೋ ಇಲ್ಲೋ?"

ಮಧುಮತಿ ಸುಲಭಾರ ಕಡೆ ನೋಡಿದಳು. "ಗೊತ್ತಿತ್ತು."

"ಅಂದ್ರ ಗೊತ್ತಿದ್ದೂ ಹೆತ್ತ ತಾಯಿಗೆ ಸುಳ್ಳು ಹೇಳಿದ್ರಿ."

"ಆಕಿಗೆ ನೋವಾಗ್ತದಂತ…"

"ಹೌದೋ ಅಲ್ಲೋ ಅಷ್ಟೇ ಹೇಳ್ರಿ."

"ಹೌದು."

"ತಾಯಿಗೆ ನೋವಾಗಬಾರದಂತ ಮನಿಯಾಗ ಸುಳ್ಳು ಹೇಳಿದವರು, ತಾಯಿ ಮನಿ ಕಳಕೊಳ್ಳಬಾರದಂತ ಇಲ್ಲಿ ಸುಳ್ಳು ಹೇಳಾಕತ್ತಿಲ್ಲ ಅಂತ ಹೆಂಗ ನಂಬೋದ್ರಿ?"

ಮಧುಮತಿ ಕಟಕಟೆಯ ಕಟ್ಟಿಗೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಹಿಂದಿನ ಬೆಂಚಿನಲ್ಲಿ ಸುಂದರಬಾಯಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ತೀರ್ಪು ಸುನೀಲಕುಮಾರನ ಪರವಾಗಿ ಬಂತು. ಜೈತುನಬಿ ಪ್ರಾಮಾಣಿಕಳೇ ಇರಬಹುದು, ಆದರೆ ಮಗಳ ಸಮಜಾಯಿಷಿ ನಂಬುವಂತಿಲ್ಲ, ಪ್ರತಿವಾದಿಯೇ ಅರ್ಥ ತಿಳಿದು ಒಪ್ಪಿಕೊಂಡ ಮೇಲೆ ಬೇರೆಯವರ ಮಾತಿಗೆ ತೂಕ ಉಳಿಯುವುದಿಲ್ಲ ಅಂತ ಇತ್ತು. ಮೇಲಿನ ಕೋರ್ಟಿಗೆ ಹೋಗೋಣ ಅಂದರು ಸುಲಭಾ. ಮಧುಮತಿಯೂ ಹೋಗೋಣ ಅಂದಳು.

"ಅಲ್ಲಿನೂ ಇಂಗ್ಲಿಷಿನಾಗೇ ಮಾತಾಡ್ತಾರಲ್ಲ" ಅಂದಳು ಸುಂದರಬಾಯಿ. "ಸಾಕು ಬಿಡ್ರಿ."

ಮನೆ ಬಿಡುವ ದಿನ ಜೈತುನಬಿ ಬೆಳಗಿನಿಂದ ಪಾತ್ರೆ ಕಟ್ಟಿ ಕೊಟ್ಟಳು. ಅಳು ಬಂದಾಗ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಕೀಲಿ ತೆಗೆದುಕೊಳ್ಳಲು ಸುನೀಲಕುಮಾರನೇ ಬಂದಿದ್ದ. ಅವನಿಗೂ ನಲವತ್ತು ದಾಟಿತ್ತು, ತಂದೆಯದೇ ಮುಖ. ಒಳಗೆ ಕಾಲಿಡಲು ಸ್ವಲ್ಪ ಹಿಂಜರಿದ. ಗೋಡೆಯ ಮೇಲೆ ಹಾರ ಹಾಕಿದ್ದ ಜಗದೇವಪ್ಪನ ಫೋಟೋ ಇನ್ನೂ ಇಳಿಸಿರಲಿಲ್ಲ. ಅದನ್ನೇ ನೋಡುತ್ತ ನಿಂತ.

"ಇದನ್ನ ಇಲ್ಲೇ ಬಿಡ್ರಿ" ಅಂದ. "ನಮ್ಮ ಹಂತ್ಯಾಕ ಅಪ್ಪನ್ನ ಹಿಂಗ ನಕ್ಕೊಂತ ಇರೋ ಫೋಟೋ ಒಂದೂ ಇಲ್ಲ."

ಮಧುಮತಿ ಏನೋ ಹೇಳಲು ಹೋದಳು. ಅಷ್ಟರಲ್ಲಿ ಸುಂದರಬಾಯಿ ಸ್ಟೂಲು ಎಳೆದು, ಹತ್ತಿ, ಫೋಟೋ ಇಳಿಸಿದಳು. ಸೆರಗಿನಿಂದ ಗಾಜು ಒರೆಸಿದಳು. ಅವನ ಕೈಗೆ ಕೊಟ್ಟಳು. ಅವನು "ಹೋಗಿ ಬರ್ರಿ" ಅಂದ, ಅಂದದ್ದು ತಪ್ಪಾಯಿತೇನೋ ಅನ್ನುವಂತೆ ಮುಖ ತಿರುಗಿಸಿದ.

ಆಳಂದದಲ್ಲಿ ಮಧುಮತಿ ಇದ್ದದ್ದು ಒಂದು ಬಾಡಿಗೆ ಮನೆಯ ಹಿಂದಿನ ಭಾಗದಲ್ಲಿ. ಒಂದು ಕೋಣೆ, ಅಡಿಗೆಮನೆ, ಮುಂದೆ ಸಣ್ಣ ಪಡಸಾಲೆ. ತಾಯಿಗೆ ಕಿಟಕಿಯ ಹತ್ತಿರ ಮಂಚ ಹಾಕಿಕೊಟ್ಟಳು. ಸುಂದರಬಾಯಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳು, ಮಗಳ ಡಬ್ಬಿ ಕಟ್ಟುತ್ತಿದ್ದಳು, ಸಂಜೆ ಚಹಾ ಮಾಡಿಟ್ಟು ಕಾಯುತ್ತಿದ್ದಳು. ಸಿಟ್ಟು ಮಾಡಲಿಲ್ಲ. ಮೊದಲೆಲ್ಲ ಟೀವಿಯಲ್ಲಿ, ಬಸ್ಸಿನ ಮೇಲೆ, ಔಷಧದ ಬಾಟಲಿಯ ಮೇಲೆ ಇಂಗ್ಲಿಷ್ ಅಕ್ಷರ ಕಂಡರೆ ಇದೇನು ಅದೇನು ಅಂತ ಮಗಳನ್ನು ಕೇಳುತ್ತಿದ್ದವಳು ಈಗ ಯಾವುದನ್ನೂ ಕೇಳುತ್ತಿರಲಿಲ್ಲ. ಬಿ.ಪಿ. ಗುಳಿಗೆಯ ಚೀಟಿಯನ್ನು ಕೂಡ ಮೆಡಿಕಲ್ ಅಂಗಡಿಯವನಿಗೆ ತೋರಿಸಿ ಕೇಳಿಕೊಂಡು ಬರುತ್ತಿದ್ದಳು. ಜಗದೇವಪ್ಪನ ಸುದ್ದಿಯನ್ನು ಅವಳು ಎತ್ತಲಿಲ್ಲ. ಮಧುಮತಿ ಒಂದೆರಡು ಸಲ ಕಾಕಾ ಹಿಂಗಂತಿದ್ರು ಎಂದು ಮಾತು ತೆಗೆದಾಗ ಎದ್ದು ಒಳಗೆ ಹೋದಳು.

ಒಂದು ಭಾನುವಾರ ಮನೆಯ ಒಡತಿ ಬಸವೇಶ್ವರಿ ಹಸಿ ಕಡಲೆಯ ಗಿಡ ತಂದುಕೊಟ್ಟು ಪಡಸಾಲೆಯಲ್ಲಿ ಕೂತಳು. ಮಾತುಗಾರ್ತಿ. ಊರು, ಕೇರಿ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಕೇಳಿದಳು.

"ನಿಮ್ಮ ಯಜಮಾನ್ರು ತೀರಿಕೊಂಡು ಎಷ್ಟು ದಿನ ಆತ್ರಿ ಯಕ್ಕಾ?"

ಅಡಿಗೆಮನೆಯಲ್ಲಿದ್ದ ಮಧುಮತಿ ಕೈಯ ಕೆಲಸ ನಿಲ್ಲಿಸಿದಳು.

"ಭಾಳ ವರ್ಷ ಆತ್ರಿ" ಅಂದಳು ಸುಂದರಬಾಯಿ, ಕಡಲೆ ಬಿಡಿಸುತ್ತ. "ಈ ಮಧೂ ಕಂಕುಳಾಗಿನ ಕೂಸು ಇದ್ದಳು ನೋಡ್ರಿ. ಕಾಮಾಲಿ ಆಗಿತ್ತು ಅವರಿಗೆ."

"ಅಯ್ಯ ಶಿವನೇ. ಅಲ್ಲಿಂದ ಒಬ್ಬಾಕಿನೇ ಇದ್ದೀರೇನು?"

"ಒಬ್ಬಾಕಿನೇ."

ಮಧುಮತಿ ಬಾಗಿಲಿಗೆ ಬಂದು ನಿಂತಳು. "ಯವ್ವಾ" ಅಂದಳು. ಸುಂದರಬಾಯಿ ಕತ್ತೆತ್ತಿ ನೋಡಲಿಲ್ಲ.

"ಅನ್ನಕ್ಕ ಇಡು ಹೋಗು" ಅಂದಳು. "ಬಸವೇಶ್ವರಿ ಬಾಯಿನೂ ಇಲ್ಲೇ ಉಂಡು ಹೋಗ್ಲಿ."

ಬಸವೇಶ್ವರಿ ಬೇಡಬೇಡವೆಂದಳು, ಆಮೇಲೆ ಒಪ್ಪಿಕೊಂಡಳು. ಮಧುಮತಿ ಒಳಗೆ ಹೋಗಿ ಅಕ್ಕಿ ತೊಳೆಯಲು ನಿಂತಳು. ನೀರು ತಿಳಿಯಾದ ಮೇಲೂ ಬಹಳ ಹೊತ್ತು ತೊಳೆಯುತ್ತಲೇ ಇದ್ದಳು.